ಬೇಸಿಗೆಯ ಮಡುವಿನ ಮೀನು: ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕೊರವದ ಬಗ್ಗೆ ಒಂದು ಟಿಪ್ಪಣಿ

ಗಡಿನಾಡಿನ ಬಗ್ಗೆ ಬರೆಯುವವರು ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಭಾಷೆಯ ಲೆಕ್ಕಕ್ಕೆ ಅದು ಸರಿ. ನೀರಿನ ಲೆಕ್ಕಕ್ಕೆ ಸರಿಹೋಗುವುದಿಲ್ಲ. ಉಮರ್ಗಾ ತಾಲೂಕಿನ ದಕ್ಷಿಣಕ್ಕೆ, ಮುರುಮ್ ಸುತ್ತಿನಲ್ಲಿ ಬಿದ್ದ ಮಳೆ ಬೆಣ್ಣೆತೊರೆಗೆ ಇಳಿದು, ಕಲಬುರಗಿ ಜಿಲ್ಲೆಯಲ್ಲಿ ಕಾಗಿಣೆಯನ್ನು ಕೂಡಿ, ಭೀಮೆಯ ದಾರಿಯಾಗಿ ಕೃಷ್ಣೆಗೆ ಸೇರುತ್ತದೆ. ನಿಲಂಗಾದ ಮಳೆ ತೇರಣಾ, ಮಾಂಜ್ರಾ ಹಿಡಿದು ಗೋದಾವರಿಗೆ ಹೋಗುತ್ತದೆ. ಉದಗೀರದ ತಿರು, ಲೇಂಡಿಗಳ ನೀರೂ ಕೊನೆಗೆ ಗೋದಾವರಿಗೇ. ಇಷ್ಟು ದೊಡ್ಡ ಎರಡು ನದಿಗಳನ್ನು ಬೇರೆ ಮಾಡುವ ದಿಣ್ಣೆ ಇಲ್ಲಿ ತೊಗರಿ, ಸೋಯಾ ಬೆಳೆಯುವ ಎರೆಹೊಲದ ಒಂದು ಉಬ್ಬು ಮಾತ್ರ. ಬಸ್ಸಿನಲ್ಲಿ ಕೂತವನಿಗೆ ಅದನ್ನು ದಾಟಿದ್ದೂ ತಿಳಿಯುವುದಿಲ್ಲ.

ಆ ಉಬ್ಬಿನ ಎರಡೂ ಮಗ್ಗುಲಿಗೆ ಸಿಗುವ ಕೊರವ ಎಂಬ ಮೀನು ಈ ಟಿಪ್ಪಣಿಯ ವಿಷಯ. ಪುಸ್ತಕದ ಹೆಸರು ಚನ್ನಾ ಸ್ಟ್ರಯಾಟಾ. ಜರ್ಮನಿಯ ಬ್ಲಾಖ್ 1793ರಲ್ಲಿ ಇದನ್ನು ಒಫಿಸೆಫಾಲಸ್ ಸ್ಟ್ರಯಾಟಸ್ ಎಂದು ಕರೆದ. ಹಾವಿನ ತಲೆಯದು, ಪಟ್ಟೆಗಳಿರುವುದು ಎಂದು ಅರ್ಥ. ಮೀನಿನ ಚಹರೆಗೆ ಆ ಎರಡು ಮಾತೇ ಸಾಕು. ನಾನಿಲ್ಲಿ ಹೇಳಹೊರಟಿರುವುದು ಅದರ ಮನೆಯ ಬಗ್ಗೆ. ಕೊರವವನ್ನು ಕೆಲವು ಪಟ್ಟಿಗಳು ನದಿಮೀನು ಎನ್ನುತ್ತವೆ, ಕೆಲವು ಕೆರೆಮೀನು ಎನ್ನುತ್ತವೆ. ಈ ಸೀಮೆಯ ಮಟ್ಟಿಗೆ ಎರಡೂ ಸಡಿಲವಾದ ಮಾತು. ಇಲ್ಲಿ ಅದರ ಬದುಕು ತೀರ್ಮಾನವಾಗುವುದು ಏಪ್ರಿಲ್, ಮೇ ತಿಂಗಳಲ್ಲಿ ಹರಿವು ನಿಂತ ನದಿಯಲ್ಲಿ ಉಳಿಯುವ ಮಡುವಿನಲ್ಲಿ. ಮರಾಠಿಯವರು ಅದನ್ನು ಡೋಹ ಅನ್ನುತ್ತಾರೆ.

ಮೊದಲು ಹೆಸರುಗಳನ್ನು ನೋಡೋಣ, ಏಕೆಂದರೆ ಗಡಿಯಲ್ಲಿ ಹೆಸರೇ ಅರ್ಧ ದಾಖಲೆ. ಬೆಣ್ಣೆತೊರೆ ಮಹಾರಾಷ್ಟ್ರದ ಕಡತಗಳಲ್ಲಿ ಬೇಣಿತುರಾ ಆಗಿದೆ. ಮರಾಠಿ ಕಿವಿಗೆ ಬೇಣಿ, ತುರಾ ಎಂದು ಜಡೆ, ತುರಾಯಿಗಳ ನೆನಪು ಬರಬಹುದು. ಕನ್ನಡದವನಿಗೆ ಬೆಣ್ಣೆಯೂ ಕಾಣುತ್ತದೆ, ತೊರೆಯೂ ಕಾಣುತ್ತದೆ. ಮಾಂಜ್ರಾ ನದಿಗೆ ಲಾತೂರ ಜಿಲ್ಲೆಯಲ್ಲಿ ಕಟ್ಟಿದ ಬ್ಯಾರೇಜುಗಳ ಪಟ್ಟಿಯಲ್ಲಿ ಹೊಸೂರ ಇದೆ, ಬಿಂದಗೀಹಾಳ ಇದೆ. ಇವನ್ನು ಓದಲು ನಿಘಂಟು ಬೇಡ. ನೀರಾವರಿ ಇಲಾಖೆಯ ಗುಮಾಸ್ತರು ತಮಗೇ ಗೊತ್ತಿಲ್ಲದಂತೆ ಕನ್ನಡದ ಊರುಗಳ ಪಟ್ಟಿಯೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ.

ಮೀನಿನ ಹೆಸರಿಗೆ ಈ ಅನುಕೂಲವಿಲ್ಲ. ಮರಾಠಿಯಲ್ಲಿ ಮರಳ ಎಂಬ ಮಾತು ಪ್ರಸಿದ್ಧ; ಕನ್ನಡದಲ್ಲಿ ಮುರಲ್, ಕುಚ್ಚು, ಕೊರವ, ಕೊರಮೀನು ಎಂದು ಊರಿಗೊಂದು. ಇಂಗ್ಲಿಷಿನ ಮರ್ರೆಲ್ ಎಂಬ ಶಬ್ದವೂ ನಮ್ಮ ನೆಲದಿಂದಲೇ ಹೋದದ್ದು. ಮರಳ ಎಂದ ಕೂಡಲೇ ಕನ್ನಡದ ‘ಮರಳು’ ಕ್ರಿಯಾಪದ ನೆನಪಾಗಿ, ಮಳೆ ಬಂದಾಗ ಮರಳಿ ಬರುವ ಮೀನು ಎಂದು ಬಿಡಿಸುವ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಗಂಗೆಯ ಬಯಲಿನ ಮೀನುಗಳನ್ನು ವರ್ಣಿಸಿದ ಹ್ಯಾಮಿಲ್ಟನ್ 1822ರಲ್ಲಿ ಇದರ ದೊಡ್ಡಣ್ಣನಿಗೆ ಅಲ್ಲಿನ ಬಳಕೆಯ ಮಾತನ್ನೇ ಹಿಡಿದು ಮರೂಲಿಯಸ್ ಎಂದಿದ್ದಾನೆ ಎಂಬುದನ್ನು ನೋಡಿದ ಮೇಲೆ ಆ ಆಸೆ ಬಿಟ್ಟೆ. ಬಂಗಾಳದವರೆಗೆ ಹಬ್ಬಿದ ಶಬ್ದಕ್ಕೆ ಬೀದರದಲ್ಲಿ ವ್ಯುತ್ಪತ್ತಿ ಹುಡುಕಬಾರದು. ಕೊರವದ ಕಥೆ ಬೇರೆ. ತಮಿಳಿನ ಕುರವೈ, ತೆಲುಗಿನ ಕೊರ್ರಮೀನು ಇದರ ಜೊತೆಯವು. 2016ರಲ್ಲಿ ತೆಲಂಗಾಣ ಕೊರ್ರಮೀನನ್ನು ರಾಜ್ಯದ ಮೀನು ಎಂದು ಸಾರಿತು. 2023ರಲ್ಲಿ ಮಹಾರಾಷ್ಟ್ರ ಆರಿಸಿಕೊಂಡದ್ದು ಕಡಲಿನ ಪಾಪ್ಲೆಟ್. ಕರ್ನಾಟಕದ್ದು ಕಾವೇರಿ ಕಡೆಯ ಒಂದು ಗೆಂಡೆ. ಮಾಂಜ್ರಾ ಹರಿಯುವ ಮೂರು ರಾಜ್ಯಗಳಲ್ಲಿ ಈ ಮೀನಿಗೆ ಪಟ್ಟ ಕಟ್ಟಿದ್ದು ಕೆಳದಂಡೆಯ ರಾಜ್ಯ ಮಾತ್ರ.

ಕೊರವ ಒಂಟಿಯಲ್ಲ. ದಖ್ಖನ್ನಿನ ಈ ಭಾಗದಲ್ಲಿ ಅದರ ಕುಲದ ನಾಲ್ಕು ಮೀನುಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಎಲ್ಲಕ್ಕಿಂತ ದೊಡ್ಡದು ಹೂಮುರಲ್, ಚನ್ನಾ ಮರೂಲಿಯಸ್. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಬಾಲದ ಬುಡದಲ್ಲಿ ಕಣ್ಣಿನಂಥ ಮಚ್ಚೆ, ಮೈಮೇಲೆ ಬಿಳಿಯ ಚುಕ್ಕೆಗಳು. ಆ ಚುಕ್ಕೆಗಳೇ ಹೂವು. ಎರಡನೆಯದು ನಮ್ಮ ಕೊರವ. ಮೂರನೆಯದು ಪಂಕ್ಟಾಟಾ, ಗೇಣುದ್ದದ ಆಸುಪಾಸಿನದು, ಹೊಂಡ ಕುಂಟೆಗಳಲ್ಲಿ ಸಿಗುವಂಥದು. ನಾಲ್ಕನೆಯದು ಗಚುವಾ, ಮರಾಠಿಯಲ್ಲಿ ಡೋಕರ್ಯಾ. ರೆಕ್ಕೆಯ ಅಂಚಿಗೆ ಕಿತ್ತಳೆ ಬಣ್ಣದ ಗೆರೆ ಎಳೆದಂತಿರುತ್ತದೆ. ಹಳ್ಳದ ತಲೆಭಾಗದಲ್ಲಿ, ಕಲ್ಲುಸಂದಿಯಲ್ಲಿ, ಸೇದುವ ಬಾವಿಯಲ್ಲೂ ಬದುಕುತ್ತದೆ. ಇದರ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿಮಾಡುತ್ತದೆ. ಅಷ್ಟು ದಿನ ಅದಕ್ಕೆ ಉಪವಾಸ.

ನಾಲ್ಕೂ ಒಂದೇ ನೀರಿನಲ್ಲಿ ಸಿಗಬಹುದು, ಆದರೆ ಹಂಚಿಕೊಂಡ ಜಾಗ ಬೇರೆ ಬೇರೆ. ಹೂಮುರಲ್‌ಗೆ ಆಳ ಬೇಕು, ಬುಡದಲ್ಲಿ ಬಂಡೆ ಬೇಕು. ಕೊರವಕ್ಕೆ ಆಳಕ್ಕಿಂತ ಅಂಚು ಮುಖ್ಯ; ಆಪು, ಜೊಂಡು ಬೆಳೆದು ನೀರು ನಿಂತಿರುವ ಕಡೆ ಅದು ಹಾಯಾಗಿರುತ್ತದೆ. ಈ ವ್ಯತ್ಯಾಸವನ್ನು ಮುಂದೆ ಬಳಸಿಕೊಳ್ಳುತ್ತೇನೆ.

ಕೊರವದ ಮೈಕಟ್ಟಿನಲ್ಲಿ ನಮಗೆ ಬೇಕಾದ ಸಂಗತಿ ಒಂದೇ. ಅದರ ಕಿವಿರುಗಳ ಮೇಲೆ, ತಲೆಯ ಎರಡೂ ಬದಿಗೆ, ರಕ್ತನಾಳಗಳು ದಟ್ಟವಾಗಿ ಹರಡಿದ ಗೂಡೊಂದಿದೆ. ಮೀನು ಆಗಾಗ ಮೇಲೆ ಬಂದು ಬಾಯಿ ತುಂಬ ಗಾಳಿ ಎಳೆದು ಅಲ್ಲಿ ತುಂಬಿಕೊಳ್ಳುತ್ತದೆ. ಬೆಳೆದ ಕೊರವಕ್ಕೆ ಇದು ಆಪತ್ಕಾಲದ ಏರ್ಪಾಡಲ್ಲ, ನಿತ್ಯದ ಉಸಿರು. ನೀರಿನ ಮೇಲಕ್ಕೆ ಬರಲು ಬಿಡದಿದ್ದರೆ ಮೀನಾಗಿಯೂ ಅದು ಮುಳುಗಿ ಸಾಯುತ್ತದೆ. ಭಾಗಲ್ಪುರದ ಜೆ. ಎಸ್. ದತ್ತ ಮುನ್ಶಿ ಈ ಬಗೆಯ ಮೀನುಗಳ ಉಸಿರಾಟದ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು, ಜಿ. ಎಂ. ಹ್ಯೂಸ್ ಜೊತೆ 1992ರಲ್ಲಿ ಅವರು ತಂದ ಪುಸ್ತಕ ಇವತ್ತಿಗೂ ಆಧಾರಗ್ರಂಥ. ಸಂತೆಯಲ್ಲಿ ಕೊರವ ಮಾರುವವರಿಗೆ ಈ ಪುಸ್ತಕ ಬೇಕಾಗಿಲ್ಲ. ಒದ್ದೆ ಗೋಣಿಯಲ್ಲೋ, ಮೊಳಕಾಲೂ ಮುಳುಗದ ನೀರಿನ ಟಬ್ಬಿನಲ್ಲೋ ಅದು ಜೀವಂತ ಇರುತ್ತದೆಂದು ಅವರಿಗೆ ಗೊತ್ತು. ಜೀವಂತ ಇದ್ದರೇ ಅದಕ್ಕೆ ಬೆಲೆ.

ನೀರು ಬತ್ತಿದಾಗ ಕೊರವ ಕೆಸರಿನಲ್ಲಿ ಹೂತುಕೊಂಡು ಮಳೆಯವರೆಗೆ ತಡೆಯುತ್ತದೆ ಎಂಬುದು ಏಷ್ಯಾದ ಉದ್ದಗಲಕ್ಕೂ ತಿಳಿದ ಮಾತು. ಮಾತು ನಿಜ, ಆದರೆ ಅದರಲ್ಲಿ ಒಂದು ಷರತ್ತು ಅಡಗಿದೆ: ಕೆಸರು ಒದ್ದೆ ಇರಬೇಕು. ಚರ್ಮವೂ ಉಸಿರಿನ ಗೂಡೂ ಒಣಗಿದರೆ ಆಟ ಮುಗಿಯಿತು. ಭತ್ತದ ನಾಡಿನ ಜೇಡಿ ಕೆಸರಿಗೂ ನಮ್ಮ ಎರೆಮಣ್ಣಿಗೂ ಇಲ್ಲಿ ಬಹಳ ಅಂತರ. ಎರೆ ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ, ಬಿರುಕಿನಲ್ಲಿ ಗಾಳಿ ಆಳಕ್ಕೆ ಇಳಿದು ಉಳಿದ ತೇವವನ್ನೂ ಎಳೆಯುತ್ತದೆ. ಇದರಿಂದ ನನ್ನ ಊಹೆ: ಮರಾಠವಾಡದ ಕೆರೆಯಂಗಳದಲ್ಲಿ ಕೆಸರುವಾಸವನ್ನು ನಂಬಿ ಕೊರವ ಬಹಳ ದಿನ ತಡೆಯಲಾರದು. ಅದಕ್ಕೆ ಮಡು ಬೇಕೇ ಬೇಕು.

ಮಡು ಹೇಗೆ ಆಗುತ್ತದೆ? ಈ ನೆಲವೆಲ್ಲ ಲಾವಾ ಹಾಸುಗಲ್ಲು. ಒಂದರ ಮೇಲೊಂದು ಹರಿದು ತಣಿದ ಪದರಗಳಲ್ಲಿ ಕೆಲವು ಗಟ್ಟಿ ಕರಿಕಲ್ಲು, ಕೆಲವು ಗುಳ್ಳೆಗುಳ್ಳೆಯ ಮೆತ್ತನೆಯ ಕಲ್ಲು. ನದಿ ಗಟ್ಟಿಪದರದ ಅಂಚಿನಿಂದ ಧುಮುಕುವ ಕಡೆ, ಬಳುಕುವ ಕಡೆ, ಮೆತ್ತನೆಯದನ್ನು ಕೊರೆದು ಗುಂಡಿ ಮಾಡುತ್ತದೆ. ಮಾಂಜ್ರಾ ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ 724 ಕಿ.ಮೀ. ಹರಿದು ಗೋದಾವರಿ ಸೇರುವಷ್ಟರಲ್ಲಿ ಇಂಥ ಎಷ್ಟೋ ಗುಂಡಿಗಳನ್ನು ಕೊರೆದಿದೆ. ಮಳೆ ವರ್ಷಕ್ಕೆ 800 ಮಿ.ಮೀ. ಆಸುಪಾಸು, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಸಂಕ್ರಾಂತಿ ಕಳೆದ ಮೇಲೆ ಹರಿವು ದಾರವಾಗುತ್ತದೆ, ಆಮೇಲೆ ತುಂಡಾಗುತ್ತದೆ. ಆಗಲೂ ಮಡುವಿನ ನೀರು ಇಳಿಯದೆ ನಿಲ್ಲುವುದು ಬದಿಯ ಹೊಲಗಳ ಅಡಿಯ ಅಂತರ್ಜಲ ಕಲ್ಲುಸಂದಿನಿಂದ ಒಸರುವುದರಿಂದ. ಅಂದರೆ ಬೇಸಿಗೆಯ ಮಡು ಒಂದು ಬಾವಿಯೇ; ನದಿ ತೋಡಿದ ಬಾವಿ. ಈ ಮಾತು ಒಪ್ಪಿದರೆ, ಕೊರವದ ಭವಿಷ್ಯವನ್ನು ನದಿಯಲ್ಲಿ ಹುಡುಕುವುದಕ್ಕಿಂತ ಎರಡೂ ದಂಡೆಯ ಕೊಳವೆಬಾವಿಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ ಹುಡುಕಬೇಕಾಗುತ್ತದೆ. ಲಾತೂರ ಸೀಮೆಯಲ್ಲಿ ಕಬ್ಬು ಎಷ್ಟು ನೀರು ಕುಡಿಯುತ್ತದೆಂಬುದು ಹಳೆಯ ಜಗಳ. ಆ ಜಗಳದಲ್ಲಿ ಮಡುವಿನ ಪರವಾಗಿ ಮಾತಾಡುವವರಿಲ್ಲ.

ಮೃಗಶಿರಾ ಮಳೆ, ನಮ್ಮ ಕಡೆಯ ಮಿರಗ, ಬಿದ್ದ ಮೇಲೆ ಚಿತ್ರ ಬದಲಾಗುತ್ತದೆ. ಮಡು ಉಕ್ಕಿ ಹಳ್ಳಗಳೊಂದಿಗೆ ಕೂಡುತ್ತದೆ. ಕೊರವದ ಜೋಡಿ ದಂಡೆಯ ಕಸಕಡ್ಡಿಯ ನಡುವೆ ಒಂದು ದುಂಡನೆಯ ಜಾಗ ತೆರವು ಮಾಡಿಕೊಂಡು ಮೊಟ್ಟೆಯಿಡುತ್ತದೆ. ತೇಲುವ ಮೊಟ್ಟೆಗಳು, ಒಂದೆರಡು ದಿನದಲ್ಲಿ ಒಡೆಯುತ್ತವೆ. ಮರಿಗಳು ಕೆಂಪು ಕಿತ್ತಳೆಯ ಒಂದು ಮುದ್ದೆಯಾಗಿ ಮೇಲ್ನೀರಿನಲ್ಲಿ ಸಾಗುತ್ತವೆ, ತಾಯಿತಂದೆ ಕೆಳಗೆ ಕಾವಲು. ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಕಾಣುವ ಈ ಮುದ್ದೆಯೇ ಮೀನುಗಾರನಿಗೆ ಗುರುತು. ಅದರ ನಡುವೆ ಕಪ್ಪೆ ಸಿಕ್ಕಿಸಿದ ಗಾಳ ಬಿಟ್ಟರೆ ಕಾವಲಿನ ಮೀನು ಹಸಿವಿಗಲ್ಲದಿದ್ದರೂ ಸಿಟ್ಟಿಗೆ ಬಾಯಿ ಹಾಕುತ್ತದೆ. ಒಂದು ಹಿಡಿತಕ್ಕೆ ಒಂದು ಸಂಸಾರ. ಬಲೆಯ ಕಣ್ಣು ಎಷ್ಟಿರಬೇಕು ಎಂಬ ನಿಯಮ ಈ ಗಾಳದ ಎದುರು ಕೈಕಟ್ಟಿ ನಿಲ್ಲುತ್ತದೆ. ಹಿಡಿದದ್ದು ಒಂದೇ, ಅದೂ ದೊಡ್ಡದು, ಯಾವ ಕಾನೂನಿಗೂ ಸಿಗದು.

ಮಿರಗಕ್ಕೆ ಇನ್ನೊಂದು ನಂಟಿದೆ. ಹೈದರಾಬಾದಿನಲ್ಲಿ ಆ ಹೊತ್ತಿಗೆ ಬತ್ತಿನಿ ಮನೆತನದವರು ಉಬ್ಬಸದವರಿಗೆ ಕೊಡುವ ಮೀನಿನ ಮದ್ದು ಬೀದರ, ಉದಗೀರ ಕಡೆಯವರಿಗೂ ಚಿರಪರಿಚಿತ. ಮದ್ದಿನೊಡನೆ ಜೀವಂತ ನುಂಗುವ ಮರಿ ಇದೇ ಕೊರಮೀನಿನದು. ಮದ್ದಿನ ಗುಣಕ್ಕೆ ವೈಜ್ಞಾನಿಕ ಸಾಕ್ಷಿ ಇಲ್ಲ. ನನಗೆ ಕುತೂಹಲವಿರುವುದು ಆಯ್ಕೆಯ ಬಗ್ಗೆ: ಗಂಟಲಲ್ಲಿ ಇಳಿಯುವವರೆಗೂ ಒದ್ದಾಡುವಷ್ಟು ಜೀವ ಹಿಡಿದುಕೊಳ್ಳುವ ಮರಿ ಬೇರೆ ಯಾವ ಮೀನಿಗಿದೆ?

ಇನ್ನು ದಾಖಲೆಗಳ ವಿಷಯ. ಉಮರ್ಗಾದಿಂದ ಒಂದು ಗಂಟೆಯ ದಾರಿಯಲ್ಲಿರುವ ಕಲ್ಯಾಣದಲ್ಲಿ ಕೂತು ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಮಾನಸೋಲ್ಲಾಸ ಬರೆಸಿದ, ಅಥವಾ ಬರೆದ. ಸಂಸ್ಕೃತದ ಆ ಗ್ರಂಥದ ವಿನೋದ ವಿಂಶತಿಯಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯಿರುವವು, ಇಲ್ಲದವು, ಯಾವ ಮೀನಿಗೆ ಯಾವ ಮೇವು, ಗಾಳದ ಕೋಲು, ದಾರ ಹೇಗಿರಬೇಕು ಎಂದೆಲ್ಲ ಅಲ್ಲಿದೆ. ಮೀನಿನ ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯದ ಮೇಲೆ ಬರೆದು ಅದನ್ನು ಪ್ರಾಣಿಶಾಸ್ತ್ರದವರ ಕಣ್ಣಿಗೆ ತಂದರು. ಅಲ್ಲಿನ ಹೆಸರುಗಳನ್ನು ಇವತ್ತಿನ ಮೀನುಗಳಿಗೆ ಅಂಟಿಸುವ ಕೆಲಸಕ್ಕೆ ನಾನು ಹೋಗುವುದಿಲ್ಲ. ಅದಕ್ಕೆ ಮೀನೂ ಗೊತ್ತಿರಬೇಕು, ಹಳಗನ್ನಡವೂ ಗೊತ್ತಿರಬೇಕು, ಹಸ್ತಪ್ರತಿಗಳ ತಪ್ಪುಗಳೂ ಗೊತ್ತಿರಬೇಕು. ಆದರೆ ಒಂದು ಮಾತು ಗಮನಿಸಬೇಕು. ಅರಸನ ವಿನೋದ ನಡೆಯುವುದು ನಿಂತ, ಆಳವಾದ, ಮೊದಲೇ ಮೇವು ಹಾಕಿ ಮೀನು ರೂಢಿಮಾಡಿಸಿದ ನೀರಿನಲ್ಲಿ. ಎರೆನಾಡಿನ ಅರಮನೆಗೆ ಅಂಥ ನೀರು ಕೆರೆಯಲ್ಲಿ ಸಿಗಬೇಕು, ಇಲ್ಲವೇ ಮಡುವಿನಲ್ಲಿ.

ಆಮೇಲೆ ಏಳುನೂರು ವರ್ಷ ಬಿಟ್ಟು ಕರ್ನಲ್ ಸೈಕ್ಸ್ ಬರುತ್ತಾನೆ. ಮುಂಬೈ ಸರ್ಕಾರದ ಅಂಕಿಅಂಶದ ಅಧಿಕಾರಿಯಾಗಿ 1824ರಿಂದ 1831ರವರೆಗೆ ದಖ್ಖನ್ನು ಸುತ್ತಿದ. ಅವನು 1839ರಲ್ಲಿ ಪ್ರಕಟಿಸಿದ ಮೀನುಗಳ ವಿವರಣೆಯಲ್ಲಿ ನನಗೆ ಇಷ್ಟವಾಗುವುದು ಹೆಸರಿಡುವ ರೀತಿ. ಖುದ್ರೀ, ಕೋಲಸ್, ಸಾಂಡ್‌ಖೋಲ್, ರೋಹ್ತೀ: ಮೀನುಗಾರರ ಬಾಯಲ್ಲಿದ್ದ ಮರಾಠಿ ಮಾತನ್ನು ಎತ್ತಿ ಲ್ಯಾಟಿನ್ ಪಂಕ್ತಿಯಲ್ಲಿ ಕೂರಿಸಿಬಿಟ್ಟ. ದೊಡ್ಡ ಮುರಲ್‌ಗೆ ಮಾತ್ರ ಹಾಗೆ ಮಾಡಲಿಲ್ಲ. ಲ್ಯೂಕೋಪಂಕ್ಟಾಟಸ್, ಬಿಳಿಚುಕ್ಕೆಯದು, ಎಂದು ಕರೆದ. ಕನ್ನಡದವರು ಹೂವು ಕಂಡ ಕಡೆ ಅವನು ಚುಕ್ಕೆ ಕಂಡ, ಅಷ್ಟೇ. ಇವತ್ತು ಆ ಹೆಸರನ್ನು ಮರೂಲಿಯಸ್‌ನೊಳಗೆ ಸೇರಿಸಿ ಎಣಿಸುತ್ತಾರೆ. ಇದನ್ನೂ ಕೊನೆಯ ಮಾತೆಂದು ತಿಳಿಯಬೇಕಿಲ್ಲ: ಪಶ್ಚಿಮಘಟ್ಟದಲ್ಲಿ ಬಹುಕಾಲ ಮರೂಲಿಯಸ್ ಎನಿಸಿಕೊಂಡಿದ್ದ ಮೀನು ಬೇರೆಯೇ ಜಾತಿ, ಸ್ಯೂಡೋಮರೂಲಿಯಸ್, ಎಂದು 2017ರಲ್ಲಿ ತೀರ್ಮಾನವಾಯಿತು. ಮಾಂಜ್ರಾದ ಹೂಮುರಲ್ ಯಾವುದೆಂದು ಮತ್ತೆ ಕೂತು ನೋಡುವುದು ಒಳ್ಳೆಯದು.

ಸೈಕ್ಸನ ದಖ್ಖನ್ನು ಅಂದರೆ ಇಂಗ್ಲಿಷರ ದಖ್ಖನ್ನು. ಉಮರ್ಗಾ, ನಿಲಂಗಾ, ಉದಗೀರ ಆಗ ನಿಜಾಮನ ಸೀಮೆ. 1940ರ ದಶಕದಲ್ಲಿ ರಹೀಮುಲ್ಲಾ, ಮಹಮೂದ್ ಎಂಬವರು ಹೈದರಾಬಾದ್ ಸಂಸ್ಥಾನದ ಮೀನುಗಳ ಸಮೀಕ್ಷೆಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ತಂದರು; ನಿಜಾಮಾಬಾದ್ ಜಿಲ್ಲೆಯ ಭಾಗ, ಅಂದರೆ ಮಾಂಜ್ರಾದ ಕೆಳದಂಡೆಯದು, 1947ರದು. ಮುಂದಿನ ವರ್ಷ ಸಂಸ್ಥಾನವೇ ಇಲ್ಲವಾಯಿತು. 1956ರಲ್ಲಿ ಬೀದರ ಜಿಲ್ಲೆಯನ್ನು ಒಡೆದಾಗ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬೈ ರಾಜ್ಯದ ಉಸ್ಮಾನಾಬಾದಿಗೆ ಹೋದವು; 1982ರಲ್ಲಿ ಲಾತೂರ ಜಿಲ್ಲೆ ಆಯಿತು. ಉಸ್ಮಾನಾಬಾದ್ ಈಗ ಧಾರಾಶಿವ. ಒಂದೇ ನದಿಯ ಮೀನಿಗೆ ಮೂರು ರಾಜ್ಯಗಳ ಮೂರು ಇಲಾಖೆ, ಮೂರು ಭಾಷೆಯ ಕಡತ. 1980ರಲ್ಲಿ ಬಂದ ಗೋದಾವರಿ ನ್ಯಾಯಾಧಿಕರಣದ ತೀರ್ಪು ಮಾಂಜ್ರಾದ ನೀರನ್ನು ಟಿಎಂಸಿಯಲ್ಲಿ ಹಂಚಿತು. ಮಡುವಿನ ನೀರು ಟಿಎಂಸಿಯಲ್ಲಿ ಅಳೆಯುವಷ್ಟಿರುವುದಿಲ್ಲ, ಹಾಗಾಗಿ ಯಾರ ಪಾಲಿಗೂ ಬರಲಿಲ್ಲ.

ಇಲ್ಲಿ ಮೊದಲಿನ ಆ ಉಬ್ಬಿಗೆ ಮರಳುತ್ತೇನೆ. ಬೆಣ್ಣೆತೊರೆಯಲ್ಲೂ ಕೊರವ, ತೇರಣಾದಲ್ಲೂ ಕೊರವ. ಮಳೆಗಾಲದ ರಾತ್ರಿ ಒದ್ದೆ ಹೊಲದ ಮೇಲೆ ತೆವಳಿ ಒಂದು ನೀರಿನಿಂದ ಇನ್ನೊಂದಕ್ಕೆ ಹೋಗಬಲ್ಲ ಮೀನು ಇದು. ಹಾಗಾದರೆ ಕೃಷ್ಣೆಯ ಕಡೆಯಿಂದ ಗೋದಾವರಿಯ ಕಡೆಗೆ ಹೊಲ ದಾಟಿಯೇ ಹೋಗಿರಬೇಕು ಎನ್ನಲು ಬಾಯಿ ತುರಿಸುತ್ತದೆ. ಆದರೆ ವಾದ ನಿಲ್ಲದು. ಪಾಕಿಸ್ತಾನದಿಂದ ಇಂಡೋನೇಷ್ಯಾವರೆಗೆ ಹರಡಿದ ಮೀನು ಒಂದು ದಿಣ್ಣೆಯ ಎರಡೂ ಕಡೆ ಸಿಕ್ಕರೆ ಅದು ಏನನ್ನೂ ಸಾಧಿಸುವುದಿಲ್ಲ. ಅದೂ ಅಲ್ಲದೆ ಕೊರವವೆಂದು ನಾವು ಕರೆಯುವುದು ಒಂದೇ ಜಾತಿಯೋ, ಕೂಡಿಕೊಂಡ ಹಲವೋ ಎಂಬ ಅನುಮಾನ ವಂಶವಾಹಿ ನೋಡುವವರಲ್ಲಿದೆ. ಈ ಪ್ರಶ್ನೆಗೆ ಒಳ್ಳೆಯ ಸಾಕ್ಷಿಗಳು ರೋಹ್ತೀ, ಸಾಂಡ್‌ಖೋಲ್‌ಗಳಂಥವು. ಕೃಷ್ಣಾ, ಗೋದಾವರಿಗಳ ಸ್ವಂತ ಮೀನುಗಳಾಗಿ ಹೆಸರಾದ ಇವು ತೆವಳಲಾರವು, ಹೊರಗೆ ತೆಗೆದರೆ ಸಾಯುತ್ತವೆ. ಅವು ಎರಡೂ ಕಡೆ ಇವೆಯೆಂದರೆ ನದಿಗಳೇ ಎಂದೋ ಕೈ ಕೈ ಹಿಡಿದಿರಬೇಕು. ಇಷ್ಟು ತಗ್ಗಿದ ದಿಣ್ಣೆಯಲ್ಲಿ ಒಂದು ಹಳ್ಳ ತಲೆಕಡೆಗೆ ಕೊರೆಯುತ್ತ ಹೋಗಿ ಇನ್ನೊಂದರ ನೀರು ಕಸಿಯುವುದು ಭೂಮಿಯ ಕಾಲಮಾನದಲ್ಲಿ ದೊಡ್ಡ ಸಂಗತಿಯಲ್ಲ. ಕೊರವದ ಸಾಹಸಕ್ಕಿಂತ ಹಳ್ಳಗಳ ಈ ಕಳ್ಳತನವೇ ನಂಬುವಂಥದ್ದು.

ಈಗ ನೀರಿಗೆ ಆದದ್ದನ್ನು ಹೇಳಬೇಕು. ಧನೇಗಾಂವದಲ್ಲಿ ಮಾಂಜ್ರಾ ಅಣೆಕಟ್ಟು ಮುಗಿದದ್ದು 1980ರಲ್ಲಿ. ತೇರಣಾಕ್ಕೆ ಮಾಕಣಿಯಲ್ಲಿ ಕಟ್ಟೆ ಬಿತ್ತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪಕ್ಕೂ ಈ ಮಾಕಣಿ ಜಲಾಶಯಕ್ಕೂ ನಂಟಿದೆಯೇ ಎಂದು ಭೂವಿಜ್ಞಾನಿಗಳು ಬಹಳ ಚರ್ಚಿಸಿದರು, ಹಾಗಾಗಿ ಅದರ ಹೆಸರು ದೂರದವರಿಗೂ ಗೊತ್ತು. ಬೆಣ್ಣೆತೊರೆಗೆ ಮೇಲೆ ಮಹಾರಾಷ್ಟ್ರದ ಪ್ರಕಲ್ಪ, ಕೆಳಗೆ ಹೇರೂರಿನ ಬಳಿ ಕರ್ನಾಟಕದ್ದು. ನಡುನಡುವೆ ಕೊಲ್ಲಾಪುರ ಮಾದರಿಯ ಬಂಧಾರಗಳು, ಆಮೇಲೆ ಬ್ಯಾರೇಜುಗಳು. ನೀರಿನ ಮೊತ್ತ ಹೆಚ್ಚಾಯಿತಲ್ಲ, ಮೀನಿಗೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಮೊತ್ತ ಹೆಚ್ಚಾಯಿತು, ಅಂಚು ಕೆಟ್ಟಿತು. ಬಂಧಾರದ ನೀರು ಪಂಪು ನಡೆದ ಹಾಗೆ ಇಳಿಯುತ್ತದೆ, ಗೇಟು ಎತ್ತಿದ ಹಾಗೆ ಹಾರುತ್ತದೆ. ಜೊಂಡು ಹಬ್ಬಲು, ಗೂಡು ನಿಲ್ಲಲು ಬೇಕಾದ ಸ್ಥಿರತೆ ಅದಕ್ಕಿಲ್ಲ. ಹಳೆಯ ಮಡು ಅದರ ಹಿನ್ನೀರಿನಡಿ ಹೂಳು ತುಂಬಿಕೊಂಡು ಮಟ್ಟಸವಾಗುತ್ತದೆ. ಮೇಲೆ ನಿಂತು ನೋಡುವವರಿಗೆ ಅಗಲವಾದ ನೀರು ಕಾಣುತ್ತದೆ, ಬುಡ ಮಾತ್ರ ತಟ್ಟೆಯಂತಾಗಿರುತ್ತದೆ. ನೀರು ಖಾಲಿಯಾದ ವರ್ಷ ಈ ತಟ್ಟೆಯಲ್ಲಿ ಉಳಿಯಲು ಜಾಗವೇ ಇಲ್ಲ. ಅಂಥ ವರ್ಷ ಬಂದೂ ಬಂತು. 2016ರ ಏಪ್ರಿಲ್‌ನಲ್ಲಿ ಲಾತೂರ ಪಟ್ಟಣಕ್ಕೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಮೊದಲ ಗಾಡಿ ತಂದದ್ದು ಐದು ಲಕ್ಷ ಲೀಟರು. ಮನುಷ್ಯರಿಗೇ ಮುನ್ನೂರಕ್ಕೂ ಹೆಚ್ಚು ಕಿ.ಮೀ. ದೂರದಿಂದ ನೀರು ಬಂದ ವರ್ಷ ಮೀನಿನ ಲೆಕ್ಕ ಕೇಳುವುದು ಅಧಿಕಪ್ರಸಂಗ. ಆದರೂ ಮೀನಿನ ಬಗ್ಗೆ ಬರೆಯುವವನು ಕೇಳಬೇಕಾದ ವರ್ಷ ಅದೇ.

ಮರಳು ತೆಗೆಯುವುದರ ಪರಿಣಾಮ ಇಷ್ಟು ನೇರವಲ್ಲ. ಗುಂಡಿ ತೋಡಿದರೆ ಆಳ ಹೆಚ್ಚಿ ಮಡುವಿನಂತೆ ಕಾಣುತ್ತದೆ, ಆದರೆ ಅಂಚು ಕಡಿದಾಗಿ ಕುಸಿಯುತ್ತದೆ, ನೀರು ಸದಾ ಕದಡಿರುತ್ತದೆ.

ಎಲ್ಲಕ್ಕಿಂತ ವಿಚಿತ್ರವೆನಿಸುವುದು ಮೀನು ಸಾಕಣೆಯವರ ಕಣ್ಣಿನಲ್ಲಿ ಕೊರವಕ್ಕಿರುವ ಸ್ಥಾನ. ಕೆರೆ, ಜಲಾಶಯಗಳಿಗೆ ಬಿಡುವುದು ಕಾಟ್ಲಾ, ರೋಹು, ಮೃಗಲ್ ಮರಿಗಳನ್ನು. ಕೊರವ ಆ ಮರಿಗಳನ್ನು ತಿನ್ನುತ್ತದೆ. ಆದ್ದರಿಂದ ಸಾಕಣೆಯ ಕೈಪಿಡಿಗಳಲ್ಲಿ ಅದು ಮರಿ ಬಿಡುವ ಮೊದಲು ಕೊಳದಿಂದ ತೆಗೆಯಬೇಕಾದ ಪರಭಕ್ಷಕ. ತೆಗೆಯಲು ಇಪ್ಪೆಹಿಂಡಿ ಹಾಕುತ್ತಾರೆ, ಅದು ಮೀನುಗಳಿಗೆ ವಿಷ. ಅದೇ ಊರಿನ ಸಂತೆಗೆ ಬಂದರೆ ಕಾಟ್ಲಾಕ್ಕಿಂತ ಕೊರವಕ್ಕೆ ಹೆಚ್ಚು ಬೆಲೆ, ಮುಳ್ಳು ಕಡಿಮೆ, ಬಾಣಂತಿಗೂ ರೋಗಿಗೂ ಒಳ್ಳೆಯದೆಂಬ ನಂಬಿಕೆ. ಕೊಳದಲ್ಲಿ ಕಸ, ಸಂತೆಯಲ್ಲಿ ಚಿನ್ನ. ಇತ್ತೀಚೆಗೆ ಅದನ್ನೇ ಸಾಕಲು ಹೊರಟವರಿದ್ದಾರೆ. ಅದು ಬೇರೆ ಅಧ್ಯಾಯ. ರೋಗದ ಹೊಡೆತವೂ ಬಿದ್ದಿದೆ. 1988ರಲ್ಲಿ ಈಶಾನ್ಯದಿಂದ ಭಾರತ ಹೊಕ್ಕ ಹುಣ್ಣಿನ ರೋಗ, ಅಫನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿಯಿಂದ ಬರುವುದು, ಹೆಚ್ಚು ಕಾಡಿದ್ದು ಈ ಕುಲವನ್ನೇ.

ಹೊರಗಿನಿಂದ ಬಂದ ಮೀನುಗಳಲ್ಲಿ 1952ರಲ್ಲಿ ಭಾರತಕ್ಕೆ ತಂದ ಜಿಲೇಬಿ, ಅಂದರೆ ತಿಲಾಪಿಯಾ, ಹೆಚ್ಚು ಬೈಸಿಕೊಳ್ಳುತ್ತದೆ. ಕೊರವದ ಮಟ್ಟಿಗೆ ಅದು ಶತ್ರುವಲ್ಲ, ಮರಿಗಳಂತೂ ಒಳ್ಳೆಯ ಊಟ. ಆತಂಕವಿರುವುದು ಥಾಯ್ ಮಾಗೂರ್ ಎಂದು ಮಾರುವ ಆಫ್ರಿಕದ ಕ್ಲಾರಿಯಸ್ ಬಗ್ಗೆ. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ, ಸಾಕಣೆ ನಿಂತಿಲ್ಲ. ಅದೂ ಗಾಳಿ ಕುಡಿಯುತ್ತದೆ, ಅದೂ ಒದ್ದೆ ನೆಲದ ಮೇಲೆ ಸರಿಯುತ್ತದೆ, ಅದೂ ಸಿಕ್ಕಿದ್ದನ್ನು ತಿನ್ನುತ್ತದೆ. ಕೆಟ್ಟ ನೀರಿನಲ್ಲಿ ಉಳಿಯುವ ವಿದ್ಯೆಯನ್ನು ಈ ಮಡುಗಳಲ್ಲಿ ಹೆಚ್ಚುಕಡಿಮೆ ಒಂಟಿಯಾಗಿ ಅನುಭವಿಸುತ್ತಿದ್ದ ಕೊರವಕ್ಕೆ ಸಮಬಲದ ಪಾಲುಗಾರ ಸಿಕ್ಕಿದ್ದಾನೆ.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಕೊರವ ಚಿಂತೆಗೆ ಕಾರಣವಿಲ್ಲದ ವರ್ಗದಲ್ಲಿದೆ. ಇಡೀ ಏಷ್ಯಾದ ಲೆಕ್ಕಕ್ಕೆ ಅದು ಒಪ್ಪುವ ಮಾತು. ನನ್ನ ಪ್ರಶ್ನೆ ಏಷ್ಯಾದ್ದಲ್ಲ, ಔರಾದ ಶಹಾಜಾನಿಯ ಆಸುಪಾಸಿನ ತೇರಣಾ, ಮಾಂಜ್ರಾ ಸಂಗಮದ್ದು. ಅಲ್ಲಿಗೆ ನಾಲ್ಕು ಮುರಲ್‌ಗಳ ಹಂಚಿಕೆ ಉಪಯೋಗಕ್ಕೆ ಬರುತ್ತದೆ. ನನ್ನ ಊಹೆ ಇದು: ಮಡು ಕೆಡುವಾಗ ಮೀನುಗಳು ಒಂದು ಕ್ರಮದಲ್ಲಿ ಹೋಗುತ್ತವೆ. ಆಳ ಹೋದ ಕೂಡಲೇ ಹೂಮುರಲ್ ಹೋಗುತ್ತದೆ. ಅಂಚಿನ ಜೊಂಡು ಹೋದಾಗ ಕೊರವ ಮರಿಮಾಡುವುದನ್ನು ಬಿಡುತ್ತದೆ, ಆದರೆ ದೊಡ್ಡ ಮೀನುಗಳು ಇನ್ನೂ ಕೆಲವು ವರ್ಷ ಗಾಳಕ್ಕೆ ಸಿಗುತ್ತಿರುತ್ತವೆ. ಇದೇ ಕಣ್ಣು ತಪ್ಪಿಸುವ ಘಟ್ಟ. ಡೋಕರ್ಯಾ ತಲೆಹಳ್ಳದಲ್ಲಿ, ಬಾರವ ಎನ್ನುವ ಹಳೆಯ ಮೆಟ್ಟಿಲುಬಾವಿಗಳಲ್ಲಿ ಇವೆಲ್ಲ ಮುಗಿದ ಮೇಲೂ ಇರಬಹುದು. ಹಾಗಾಗಿ ಸಂತೆಯಲ್ಲಿ ಕೊರವ ಎಷ್ಟು ಬಂತು ಎಂದು ತೂಗುವುದರಿಂದ ಮಡುವಿನ ಸ್ಥಿತಿ ತಿಳಿಯದು. ಎರಡು ಪ್ರಶ್ನೆ ಕೇಳಿದರೆ ತಿಳಿಯುತ್ತದೆ: ಬಾಲದಲ್ಲಿ ಕಣ್ಣಿರುವ ಮೀನು ಕೊನೆಗೆ ಯಾವಾಗ ಸಿಕ್ಕಿತು, ಈ ಮಳೆಗಾಲದಲ್ಲಿ ಕೆಂಪು ಮರಿಯ ಮುದ್ದೆ ಎಲ್ಲಿ ಕಂಡಿತು.

ಕೇಳಬೇಕಾದವರು ಮರಾಠಿ ಮಗ್ಗುಲಲ್ಲಿ ಭೋಯಿಗಳು, ಕೋಳಿಗಳು. ಕನ್ನಡದ ಮಗ್ಗುಲಲ್ಲಿ ಕಬ್ಬಲಿಗರು, ಅಂಬಿಗರು. ಮೀನಿನ ಹೆಸರು ಕೇಳುವ ಮೊದಲು ಮಡುಗಳ ಹೆಸರು ಕೇಳಿ ಬರೆದುಕೊಳ್ಳಬೇಕು. ನದಿಗೆ ನಕ್ಷೆಯಲ್ಲಿ ಒಂದೇ ಹೆಸರಿದ್ದರೂ ಮೀನುಗಾರರಿಗೆ ಪ್ರತಿ ಮಡುವೂ ಬೇರೆ ಊರು. ದೇವರ ಹೆಸರಿನದು, ಮುಳುಗಿದವರ ಹೆಸರಿನದು, ಬಂಡೆಯ ಹೆಸರಿನದು. ಹೆಸರು ಉಳಿದು ಗುಂಡಿ ಇಲ್ಲದ ಜಾಗಗಳನ್ನು ಗುರುತುಮಾಡಿದರೆ ಅದೇ ನಷ್ಟದ ಪಟ್ಟಿಯಾಗುತ್ತದೆ. ಕೆಲಸ ಮೇ ತಿಂಗಳ ಎರಡನೆಯ ವಾರಕ್ಕೆ ಶುರುವಾಗಬೇಕು, ರೋಹಿಣಿ ಮಳೆ ಬೀಳುವ ಮೊದಲೇ ಮುಗಿಯಬೇಕು. ಸಂಗಮದಿಂದ ತೇರಣಾದ ಮೇಲಕ್ಕೆ ಒಂದು ದಂಡೆ ಹಿಡಿದು ನಡೆಯುವುದು ಸುಲಭ. ಬೆಣ್ಣೆತೊರೆಯನ್ನು ಮುರುಮ್‌ನಿಂದ ಕೆಳಕ್ಕೆ ನಡೆಯಬೇಕು, ಮತ್ತು ರಾಜ್ಯದ ಗಡಿಯಲ್ಲಿ ನಿಲ್ಲಿಸಬಾರದು.